ದಡ ಕಾಯುವುದು, ಸಾಗರ ದಾಟುವುದು

ಹೆಲ್ಸಿಂಕಿಯ ಬಂದರಿನಿಂದ ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಸುವೊಮೆನ್ಲಿನ್ನಾ ಕೋಟೆಯ ದ್ವೀಪಗಳು. ಕಲ್ಲುಗೋಡೆಗಳನ್ನು ಬಳಸಿಕೊಂಡು ನೀರಿನಂಚಿಗೆ ಇಳಿದರೆ ದಡದ ಮೇಲೊಂದು ಬೂದುಬಣ್ಣದ ಸಬ್‌ಮರೀನ್ ಕೂತಿದೆ. ಹೆಸರು ವೆಸಿಕ್ಕೊ. ಉದ್ದ 41 ಮೀಟರ್, ಅಗಲ 4 ಮೀಟರಿಗೆ ತುಸು ಹೆಚ್ಚು. ಕಂಡವರಿಗೆ ‘ಇಷ್ಟೇನಾ?’ ಅನ್ನಿಸಿದರೆ ತಪ್ಪಿಲ್ಲ.

1933ರಲ್ಲಿ ತುರ್ಕು ನಗರದಲ್ಲಿ ನೀರಿಗಿಳಿದ ಇದರ ನಕ್ಷೆ ಜರ್ಮನ್ನರದು. ವರ್ಸೇಲ್ಸ್ ಒಪ್ಪಂದದಿಂದಾಗಿ ಅವರು ಸಬ್‌ಮರೀನ್ ಕಟ್ಟುವಂತಿರಲಿಲ್ಲ. ಹಾಗಾಗಿ ನೆದರ್ಲೆಂಡ್ಸ್‌ನಲ್ಲೊಂದು ಕಂಪನಿ ತೆರೆದು, ಫಿನ್ಲೆಂಡಿನಲ್ಲಿ ಕಟ್ಟಿಸಿ ಪರೀಕ್ಷಿಸಿದರು. ಅವರ ಟೈಪ್ 2 ಕರಾವಳಿ ಸಬ್‌ಮರೀನುಗಳಿಗೆ ಇದೇ ಮಾದರಿಯಾಯಿತು.

ಒಳಗೆ ಹೊಕ್ಕರೆ ಹೆಗಲಿಗೆ ಪೈಪು, ತಲೆಗೆ ವಾಲ್ವು. ಮೂತಿಯಲ್ಲಿ ಮೂರು ಟಾರ್ಪೆಡೊ ಕೊಳವೆ, ಬಾಲದಲ್ಲಿ ಒಂದೂ ಇಲ್ಲ. ಹೊರುವುದು ಐದೇ ಟಾರ್ಪೆಡೊ. ಅವುಗಳ ಜೊತೆಗೇ ನಾವಿಕರ ಮಲಗುವ ಜಾಗ. ಇದನ್ನು ಬಡತನ ಎನ್ನಲಾಗದು, ಲೆಕ್ಕಾಚಾರ. ಹೊರಗೆ ಹರಡಿರುವ ಫಿನ್ಲೆಂಡ್ ಕೊಲ್ಲಿಯ ಸರಾಸರಿ ಆಳ 38 ಮೀಟರ್. ಉದ್ದದ ಹಡಗೊಂದು ಅಲ್ಲಿ ಮೂತಿ ಕೆಳಗೆ ಮಾಡಿ ನಿಂತರೆ ಅರ್ಧ ಮೈ ನೀರಿನ ಮೇಲೇ ಉಳಿದೀತು! ಗಿಡ್ಡ ಮೈಯಾದರೆ ಬೇಗ ಮುಳುಗುತ್ತದೆ, ಚುರುಕಾಗಿ ತಿರುಗುತ್ತದೆ. ಬಿಚ್ಚಿ ಸಾಗಿಸಲೂ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಆರು ಟೈಪ್ 2 ಸಬ್‌ಮರೀನುಗಳನ್ನು ಎಲ್ಬೆ ನದಿಯಲ್ಲಿ ಡ್ರೆಸ್ಡೆನ್‌ವರೆಗೆ ತೇಲಿಸಿ, ಅಲ್ಲಿಂದ ಇಂಗೋಲ್‌ಸ್ಟಾಟ್‌ವರೆಗೆ ರಸ್ತೆಯಲ್ಲಿ ಎಳೆದೊಯ್ದು, ಡ್ಯಾನ್ಯೂಬ್ ನದಿ ಹಿಡಿಸಿ ಕಪ್ಪು ಸಮುದ್ರಕ್ಕೆ ಇಳಿಸಿದರು.

ಸಾಗರ ದಾಟುವ ಜಾತಿಯನ್ನು ನೋಡಬೇಕೆಂದರೆ ಶಿಕಾಗೊಗೆ ಹೋಗಬೇಕು. ಅಲ್ಲಿನ ವಿಜ್ಞಾನ ಮ್ಯೂಸಿಯಮ್ಮಿನ ನೆಲದಡಿಯ ಹಜಾರದಲ್ಲಿ, ಅಮೆರಿಕನ್ನರು 1944ರ ಜೂನ್ 4ರಂದು ಆಫ್ರಿಕಾದ ಪಶ್ಚಿಮಕ್ಕೆ ಸೆರೆಹಿಡಿದ ಜರ್ಮನ್ ಸಬ್‌ಮರೀನ್ ಯು-505 ಮಲಗಿದೆ. ಟೈಪ್ 9ಸಿ, ಉದ್ದ ಸುಮಾರು 77 ಮೀಟರ್. ಮುಂದೆ ನಾಲ್ಕು, ಹಿಂದೆ ಎರಡು ಕೊಳವೆ, 22 ಟಾರ್ಪೆಡೊಗಳಿಗೆ ಜಾಗ. ಆದರೆ ನಿಜವಾದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಅದಿರುವುದು ಚರ್ಮದಲ್ಲಿ. ಒತ್ತಡ ತಡೆಯುವ ಒಳಕವಚದ ಸುತ್ತ ಇನ್ನೊಂದು ಹೊರಕವಚ, ನಡುವಿನ ಜಾಗದ ಬಹುಪಾಲು ಡೀಸೆಲ್‌ಗೆ. ಎಣ್ಣೆ ಉರಿದಷ್ಟೂ ಕೆಳಗಿನಿಂದ ಕಡಲ ನೀರು ನುಗ್ಗಿ ಖಾಲಿಜಾಗ ತುಂಬುತ್ತದೆ. ಎಣ್ಣೆ ನೀರಿಗಿಂತ ಹಗುರ, ಸದಾ ಮೇಲೆಯೇ ತೇಲುತ್ತದೆ. ಹೀಗೆ ಹತ್ತು ನಾಟ್ ವೇಗದಲ್ಲಿ 13 ಸಾವಿರ ನಾಟಿಕಲ್ ಮೈಲಿಗೂ ಹೆಚ್ಚು ದೂರ! ಇದರ ಬೆಲೆಯೂ ಇದೆ: ಅಗಲವಾದ ಭಾರಿ ಮೈ ಮುಳುಗಲು ಹೆಚ್ಚು ಸಮಯ ಬೇಕು, ಮೇಲೆ ವಿಮಾನ ಬಂದಾಗ ಸೆಕೆಂಡುಗಳೇ ಜೀವ. ಹೊರಡುವಾಗ ಎರಡು ಶೌಚಾಲಯಗಳಲ್ಲಿ ಒಂದಕ್ಕೂ ಆಹಾರ ತುಂಬುತ್ತಿದ್ದರಂತೆ.

ನೇತಾಜಿ ಸುಭಾಷರು 1943ರ ಫೆಬ್ರುವರಿಯಲ್ಲಿ ಕೀಲ್ ಬಂದರಿನಿಂದ ಹೊರಟದ್ದು ಇದೇ ಕುಲದ ಯು-180ರಲ್ಲಿ. ಏಪ್ರಿಲ್‌ನಲ್ಲಿ ಮಡಗಾಸ್ಕರ್ ಬಳಿ ಜಪಾನಿನ ಐ-29ಕ್ಕೆ ಹತ್ತಿದರು. ವೆಸಿಕ್ಕೊಗೆ ಆ ದಾರಿ ಕನಸಲ್ಲೂ ಸಾಧ್ಯವಿರಲಿಲ್ಲ.

ಅಷ್ಟು ದೂರ ಹೋಗಲಾಗದವರು ವಿಶಾಖಪಟ್ಟಣದ ಆರ್.ಕೆ. ಬೀಚಿಗೆ ಹೋಗಿ. ಅಲ್ಲಿ 91 ಮೀಟರ್ ಉದ್ದದ ಕುರ್ಸುರಾ ಸಬ್‌ಮರೀನ್ ಇದೆ. ಒಳಗೆ ಹೋದಾಗ ಮುಂದಿನ ಆರು ಟಾರ್ಪೆಡೊ ಕೊಳವೆಗಳನ್ನಷ್ಟೇ ನೋಡಿ ಬರಬೇಡಿ, ಬಾಲದಲ್ಲಿರುವ ನಾಲ್ಕನ್ನೂ ಎಣಿಸಿ ಬನ್ನಿ.