24 ಆಕ್ಷೇಪಗಳ ಶಿಷ್ಯ

ಕತ್ತಿಯೊಂದು ಪೂರ್ತಿ ಕತ್ತಿ ಎನಿಸಿಕೊಳ್ಳುವುದು ಯಾವಾಗ? ಕುಲುಮೆಯಲ್ಲಿ ಹದಗೊಂಡಾಗಲೋ, ನೀರಿನಲ್ಲಿ ಅದ್ದಿ ಹೊಳಪು ಕೊಟ್ಟಾಗಲೋ? ಯಹೂದಿ ಶಾಸ್ತ್ರದ ಪ್ರಕಾರ ಲೋಹದ ಸಲಕರಣೆಗೆ ಮೈಲಿಗೆ ತಟ್ಟುವುದು ಅದು ಸಿದ್ಧವಾದ ಮೇಲೆಯೇ. ಹಾಗಾಗಿ ಮೂರನೆಯ ಶತಮಾನದಲ್ಲಿ, ಗಲಿಲಾಯ ಸೀಮೆಯ ಅಧ್ಯಯನಶಾಲೆಯಲ್ಲಿ ಇದು ದೊಡ್ಡ ಪ್ರಶ್ನೆ. ಕುಲುಮೆ ಎಂದರು ತಿಬೇರಿಯದ ಗುರು ರಬ್ಬಿ ಯೋಹಾನಾನ್. ನೀರು ಎಂದರು ಶಿಷ್ಯ ರೇಶ್ ಲಾಕಿಷ್.

ರೇಶ್ ಲಾಕಿಷ್ ಹಿಂದೆ ದರೋಡೆಕೋರರಾಗಿದ್ದವರು. ಅವರನ್ನು ಕರೆತಂದು, ತಂಗಿಯನ್ನು ಕೊಟ್ಟು, ವಿದ್ಯೆ ಧಾರೆಯೆರೆದವರೇ ಯೋಹಾನಾನ್. ಆದರೆ ಆ ದಿನ ವಾದದ ಬಿಸಿಯಲ್ಲಿ ಗುರು ಶಿಷ್ಯನ ಹಳೆಯ ಕಸುಬನ್ನು ಎತ್ತಿ ಆಡಿಬಿಟ್ಟರು. ಮಾತಿಗೆ ಮಾತು ಬೆಳೆಯಿತು, ಮನಸ್ಸು ಮುರಿಯಿತು. ರೇಶ್ ಲಾಕಿಷ್ ಹಾಸಿಗೆ ಹಿಡಿದರು. ತಂಗಿ ಬಂದು ಅತ್ತರೂ ಅಣ್ಣ ಕರಗಲಿಲ್ಲ. ಶಿಷ್ಯ ತೀರಿಕೊಂಡರು.

ನನ್ನನ್ನು ಕಾಡುವುದು ಆಮೇಲಿನ ಭಾಗ. ದುಃಖದಲ್ಲಿ ಮುಳುಗಿದ ಗುರುವಿನ ಬಳಿಗೆ ಉಳಿದ ವಿದ್ವಾಂಸರು ಮಹಾವಿದ್ವಾಂಸ ಎಲಾಜಾರ್ ಬೆನ್ ಪೆದಾತ್ ಅವರನ್ನು ಕಳುಹಿಸಿದರು. ಯೋಹಾನಾನ್ ಏನು ಹೇಳಿದರೂ ಅವರು ಅದಕ್ಕೊಂದು ಪ್ರಮಾಣ ಹುಡುಕಿ ಕೊಡುತ್ತಿದ್ದರು. ಯಾವ ಗುರುವಾದರೂ ಹಿಗ್ಗಬೇಕಾದ ಶಿಷ್ಯ! ಯೋಹಾನಾನರಿಗೆ ಮಾತ್ರ ಅದು ಸಹಿಸದಾಯಿತು. ತಾನು ಹೇಳಿದ್ದು ಸರಿಯೆಂದು ತನಗೆ ಗೊತ್ತಿಲ್ಲವೇ? ರೇಶ್ ಲಾಕಿಷ್ ಒಂದು ಮಾತಿಗೆ 24 ಆಕ್ಷೇಪ ಎತ್ತುತ್ತಿದ್ದರು, ತಾನು 24 ಉತ್ತರ ಕೊಡಬೇಕಾಗುತ್ತಿತ್ತು, ಶಾಸ್ತ್ರ ತಾನಾಗಿ ಹಬ್ಬುತ್ತಿತ್ತು ಎಂದು ಹಲುಬಿದರು. ಬಟ್ಟೆ ಹರಿದುಕೊಂಡು, ಶಿಷ್ಯನ ಹೆಸರು ಕೂಗುತ್ತ ಅಲೆದು, ಬುದ್ಧಿಭ್ರಮಣೆಗೊಂಡು ಸತ್ತರು ಎನ್ನುತ್ತದೆ ಯಹೂದಿ ಶಾಸ್ತ್ರಚರ್ಚೆಗಳ ಮಹಾಗ್ರಂಥ ತಾಲ್ಮುದ್. ಹೌದೆನ್ನುವವರ ನಡುವೆ ಒಂಟಿಯಾದ ಗುರುವಿನ ಚಿತ್ರ ಇಷ್ಟು ಕರುಣಾಜನಕವಾಗಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಇದೇ ಪರಂಪರೆಯಲ್ಲಿ ನೆಮ್ಮದಿಯ ಕಥೆಯೂ ಇದೆ. ಫ್ರಾನ್ಸಿನ ತ್ರುವಾದಲ್ಲಿ ಬಾಳಿದ ರಾಶಿ (1040–1105) ಯಹೂದಿಗಳಿಗೆ ವ್ಯಾಖ್ಯಾನಕಾರರಲ್ಲೇ ಹಿರಿಯರು. ಮೊಮ್ಮಗ ರಶ್ಬಾಮ್ ಅಜ್ಜನೊಂದಿಗೇ ವಾದಕ್ಕೆ ನಿಂತರು. ಬಿಡುವು ಸಿಕ್ಕಿದ್ದರೆ, ದಿನದಿನವೂ ಹೊಳೆಯುವ ನೇರ ಅರ್ಥಗಳಿಗೆ ತಕ್ಕಂತೆ ಬೇರೆಯೇ ವ್ಯಾಖ್ಯಾನ ಬರೆಯುತ್ತಿದ್ದೆ ಎಂದು ಅಜ್ಜ ಒಪ್ಪಿಕೊಂಡರೆಂದು ರಶ್ಬಾಮರೇ ದಾಖಲಿಸಿದ್ದಾರೆ.

ಇಂದಿಗೂ ತಾಲ್ಮುದ್ ಪುಟ ತೆರೆದರೆ ಮೂಲಪಾಠ ನಡುವೆ; ಹೊಲಿಗೆಯ ಬದಿಗೆ ರಾಶಿ; ಹೊರಬದಿಗೆ, ಅವರ ಮೊಮ್ಮಕ್ಕಳೂ ಆ ಮೊಮ್ಮಕ್ಕಳ ಶಿಷ್ಯರೂ ಬರೆದ ತೊಸಫೋತ್ ಟಿಪ್ಪಣಿಗಳು, ಹಲವು ಕಡೆ ರಾಶಿಗೇ ಹಾಕಿದ ಪ್ರಶ್ನೆಗಳು. ಯೆಶಿವಾ ಎಂಬ ಯಹೂದಿ ಅಧ್ಯಯನಶಾಲೆಗಳಲ್ಲಿ ಇಬ್ಬಿಬ್ಬರಾಗಿ ಎದುರುಬದುರು ಕುಳಿತ ಹುಡುಗರು ಒಂದೇ ಪುಟದ ಮೇಲೆ ಬೆರಳಿಟ್ಟು, ಅಜ್ಜನ ಮಾತನ್ನೂ ಮೊಮ್ಮಕ್ಕಳ ತಕರಾರನ್ನೂ ಗಟ್ಟಿಯಾಗಿ ಓದುತ್ತಾರೆ.