ತಾಳ ತಪ್ಪಿದ ಎಂಜಿನು

ನಿನ್ನೆಯವರೆಗೆ ಸರಾಗವಾಗಿ ಓಡಿದ ಕಾರು ಇಂದು ಹೊರಡಲೊಲ್ಲದು. ಹೊರಟರೂ ನಡುಗುತ್ತದೆ, ಏರಿನಲ್ಲಿ ಬಲವಿಲ್ಲ, ಹೊಗೆಕೊಳವೆ ಆಗಾಗ ಪಟ್ಟೆಂದು ಸಿಡಿಯುತ್ತದೆ. ಪೆಟ್ರೋಲುಂಟು, ಬ್ಯಾಟರಿಯುಂಟು, ಕಿಡಿಯೂ ಉಂಟು. ಇಂಥಲ್ಲಿ ಟೈಮಿಂಗ್ ಬೆಲ್ಟು ಜಾರಿತೇ ಎಂದು ಮೊದಲು ವಿಚಾರಿಸಬೇಕು.

ಹೀರುವುದು, ಒತ್ತುವುದು, ಉರಿಯುವುದು, ಹೊರದೂಡುವುದು: ಎಂಜಿನಿನ ಕೆಲಸ ಈ ನಾಲ್ಕು ಘಟ್ಟಗಳದು. ಜರ್ಮನಿಯ ನಿಕೋಲಾಸ್ ಒಟ್ಟೋ 1876ರಲ್ಲಿ ಈ ಕ್ರಮದ ಎಂಜಿನನ್ನು ನಡೆಸಿ ತೋರಿಸಿದರು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಎರಡು ಸುತ್ತು ಮುಗಿಸುವಷ್ಟರಲ್ಲಿ, ಕವಾಟಗಳನ್ನು ತೆರೆಯುವ ಕ್ಯಾಮ್ ದಂಡ ಸರಿಯಾಗಿ ಒಂದು ಸುತ್ತು ಮುಗಿಸಬೇಕು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಒಂದೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುವುದು. ಈ ಎರಡು ದಂಡಗಳನ್ನು ಜೋಡಿಸಲು ಹಲ್ಲುಗಾಲಿ, ಸರಪಣಿಗಳ ಜೊತೆಗೆ ಹಲ್ಲುಳ್ಳ ರಬ್ಬರ್ ಬೆಲ್ಟೂ 1962ರಲ್ಲಿ ಜರ್ಮನಿಯ ‘ಗ್ಲಾಸ್ 1004’ ಕಾರಿನ ಮೂಲಕ ಬಳಕೆಗೆ ಬಂದಿತು.

ಬೆಲ್ಟು ಸವೆದರೆ, ಬಿಗಿ ಸಡಿಲಿದರೆ, ಎಣ್ಣೆ ತಗುಲಿದರೆ ಹಲ್ಲು ಜಾರುವುದುಂಟು. ಕ್ರ್ಯಾಂಕಿನ ಗಾಲಿಗೆ 20 ಹಲ್ಲುಗಳೆಂದು ಇಟ್ಟುಕೊಳ್ಳಿ. ಒಂದು ಹಲ್ಲು ಜಾರಿದರೆ 18 ಡಿಗ್ರಿ ತಪ್ಪಿತು. ಕವಾಟ ತಾಳ ತಪ್ಪಿ ತೆರೆಯುವುದರಿಂದ ಒತ್ತಡ ಸೋರಿಹೋಗುವುದು. ಚಾವಿ ತಿರುಗಿಸಿದಾಗ ಎಂಜಿನು ಎಂದಿಗಿಂತ ಹಗುರಾಗಿ ಸುತ್ತುವ ಸದ್ದು ಕೇಳಿಬಂದೀತು. ಎಂಜಿನಿನ ಎಚ್ಚರಿಕೆಯ ದೀಪವೂ ಹತ್ತೀತು.

ಆಗ ಮತ್ತೆ ಮತ್ತೆ ಚಾವಿ ತಿರುಗಿಸಬೇಡಿ. ತಳ್ಳಿ ಹೊರಡಿಸಲೂ ಬೇಡಿ. ಹಲವು ಎಂಜಿನುಗಳಲ್ಲಿ ಕವಾಟಕ್ಕೂ ಪಿಸ್ಟನ್ನಿಗೂ ನಡುವೆ ಎಡೆ ಬಹಳ ಕಡಿಮೆ. ಇನ್ನೆರಡು ಹಲ್ಲು ಜಾರಿದರೆ ಪಿಸ್ಟನ್ನು ಬಡಿದು ಕವಾಟ ಬಗ್ಗೀತು. ಬೆಲ್ಟಿನ ಖರ್ಚಿನಲ್ಲಿ ಮುಗಿಯುತ್ತಿದ್ದುದು ಆಗ ಹಲವು ಪಟ್ಟು ಬೆಳೆಯುವುದು.

ಪರೀಕ್ಷೆಗೆ ಒಂದು ಕ್ರಮವುಂಟು. ಮೊದಲು ಬೆಲ್ಟಿನ ಮುಚ್ಚಳ ತೆಗೆಸಿ, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಮೆಲ್ಲನೆ ಅದರ ಗುರುತಿಗೆ ತರಿಸಿ. ಕೈಗೆ ತಡೆ ಸಿಕ್ಕಿದರೆ ಬಲಪ್ರಯೋಗ ಕೂಡದು. ಕ್ರ್ಯಾಂಕಿನ ಗುರುತು ಸರಿಯಾಗಿದ್ದು ಕ್ಯಾಮಿನದು ಆಚೀಚೆ ಇದ್ದರೆ ಬೆಲ್ಟು ಜಾರಿದ್ದು ನಿಜ. ಗುರುತುಗಳನ್ನು ಹೊಂದಿಸಿದ ಮೇಲೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯಬೇಕು. ಎಲ್ಲವೂ ಸರಿಸಮನಾಗಿ ಚೇತರಿಸಿಕೊಂಡಿದ್ದರೆ ಕವಾಟಗಳು ಉಳಿದುವೆಂದು ನಂಬಬಹುದು. ಒಂದೆರಡು ಮಾತ್ರ ತಗ್ಗಿದ್ದರೆ, ಆ ಪಿಸ್ಟನ್ನನ್ನು ಒತ್ತುವ ಘಟ್ಟದ ತುದಿಗೆ ತಂದು ಗಾಳಿ ತುಂಬಿಸಿ ಆಲಿಸಬೇಕು. ಗಾಳಿ ಒಳಬರುವ ದಾರಿಯಲ್ಲಿ ಬುಸ್ಸೆಂದರೆ ಒಳಕವಾಟ, ಹೊಗೆಕೊಳವೆಯಲ್ಲಿ ಬುಸ್ಸೆಂದರೆ ಹೊರಕವಾಟ ಕೆಟ್ಟಿದೆ. ಎಣ್ಣೆ ಹಾಕುವ ಬಾಯಲ್ಲಿ ಜೋರಾಗಿ ಬುಸ್ಸೆಂದರೆ ದೋಷ ಪಿಸ್ಟನ್ನಿನ ಬಳೆಗಳದು.

ಇಷ್ಟು ನೋಡದೆ ಎಂಜಿನಿನ ತಲೆ ಬಿಚ್ಚಲು ಒಪ್ಪಬೇಡಿ. ಬೆಲ್ಟು ಜಾರಿದ್ದೇಕೆ ಎಂದೂ ಕೇಳಿ. ಬಿಗಿಗೊಳಿಸುವ ರಾಟೆ ಸವೆದಿದ್ದರೆ, ಎಣ್ಣೆ ಸೋರುತ್ತಿದ್ದರೆ, ಹೊಸ ಬೆಲ್ಟೂ ಹಳೆಯದರ ದಾರಿಯನ್ನೇ ಹಿಡಿಯುವುದು. ಬೆಲ್ಟನ್ನು ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಬದಲಿಸಬೇಕೆಂಬುದು ಕಾರಿನೊಡನೆ ಬಂದ ಕೈಪಿಡಿಯಲ್ಲಿರುತ್ತದೆ. ಎರಡರಲ್ಲಿ ಯಾವುದು ಮೊದಲು ತುಂಬುವುದೋ ಅದೇ ಅದರ ಗಡುವು.