ಕೈಬಿಡುವ ಕ್ರಮ

ಪೈಥಾನ್‌ನಲ್ಲಿ ಒಂದು ಖಾಲಿ ಲಿಸ್ಟ್ ಮಾಡಿ, ಅದಕ್ಕೊಂದು ಹೆಸರಿಟ್ಟು, ‘ಗೆಟ್‌ರೆಫ್‌ಕೌಂಟ್’ ಫಂಕ್ಷನ್ನನ್ನು ಕೇಳಿ: ಇದನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ? ಸಾಮಾನ್ಯವಾಗಿ ಬರುವ ಉತ್ತರ ಒಂದಲ್ಲ, ಎರಡು. ಎಣಿಸಿ ಹೇಳುವ ಫಂಕ್ಷನ್ನೂ ಆ ಹೊತ್ತಿಗೆ ಲಿಸ್ಟನ್ನು ಹಿಡಿದಿರುತ್ತದಲ್ಲ!

ನಾವು ದಿನವೂ ಬಳಸುವ ಪೈಥಾನ್‌ನ ಒಳಗೆಲ್ಲ ಸಿ ಭಾಷೆ. ಅಲ್ಲಿ ಪ್ರತಿ ಆಬ್ಜೆಕ್ಟ್ ಈ ಎಣಿಕೆಯನ್ನು ತನ್ನ ನೆತ್ತಿಯ ಮೇಲೇ ಹೊತ್ತಿರುತ್ತದೆ. ಯಾರಾದರೂ ಹಿಡಿದರೆ ಒಂದು ಏರುತ್ತದೆ, ಬಿಟ್ಟರೆ ಒಂದು ಇಳಿಯುತ್ತದೆ. ಸೊನ್ನೆ ಆದೊಡನೆ ಜಾಗ ತೆರವು. ಜಾರ್ಜ್ ಕಾಲಿನ್ಸ್ 1960ರಲ್ಲೇ ಪ್ರಕಟಿಸಿದ ಉಪಾಯ ಇದು. ಎರಡು ಆಬ್ಜೆಕ್ಟುಗಳು ಒಂದನ್ನೊಂದು ಹಿಡಿದು ಕೂತರೆ ಎಣಿಕೆ ಸೊನ್ನೆಗೆ ಬರುವುದೇ ಇಲ್ಲ. ಅಂಥ ಸುತ್ತುಗಳನ್ನು ಹುಡುಕಿ ಬಿಡಿಸುವ ವ್ಯವಸ್ಥೆ 2000ದಲ್ಲಿ, 2.0 ಆವೃತ್ತಿಯೊಂದಿಗೆ ಬಂತು.

ಸಿ ಕೋಡ್ ಬರೆಯುವವರು ಎಣಿಕೆ ಇಳಿಸಲು ಮರೆತರೆ ಮೆಮೊರಿ ಸೋರುತ್ತದೆ. ಹೆಚ್ಚಿಗೆ ಇಳಿಸಿದರೆ ಬಳಕೆಯಲ್ಲಿರುವುದೇ ಮಾಯವಾಗುತ್ತದೆ. ಆದರೆ ಲೆಕ್ಕ ಪೂರ್ತಿ ಸರಿಯಿದ್ದೂ ಎಡವುವ ಜಾಗವೊಂದಿದೆ, ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಅಲ್ಲೇ.

ಒಂದು ಆಬ್ಜೆಕ್ಟ್ ತನ್ನ ಖಾನೆಯಲ್ಲಿ ಇನ್ನೊಂದರ ವಿಳಾಸ ಇಟ್ಟುಕೊಂಡಿದೆ ಅನ್ನಿ. ಅದನ್ನು ಬಿಡಬೇಕು. ಮೊದಲು ಎಣಿಕೆ ಇಳಿಸಿ, ಆಮೇಲೆ ಖಾನೆ ಖಾಲಿ ಮಾಡೋಣ ಎಂದೇ ಯಾರಿಗೂ ತೋಚುವುದು. ಎಣಿಕೆ ಸೊನ್ನೆಯಾದರೆ ಆ ಇನ್ನೊಂದು ಅಲ್ಲೇ ಕಳಚತೊಡಗುತ್ತದೆ, ಅದರೊಳಗೆ ಇದ್ದವುಗಳೂ ಬಿಡುಗಡೆಯಾಗುತ್ತವೆ. ಅವುಗಳಲ್ಲೊಂದಕ್ಕೆ, ಅಳಿಯುವ ಮುನ್ನ ಓಡುವ ‘ಡೆಲ್’ ಮೆಥಡ್ ಇದ್ದರೆ ಆ ನಡುವೆಯೇ ಅದು ಓಡುತ್ತದೆ. ಅದು ಯಾರೋ ಬರೆದ ಕೋಡ್, ಏನು ಬೇಕಾದರೂ ಮಾಡಬಹುದು. ತಿರುಗಿ ಬಂದು ನಮ್ಮ ಖಾನೆಯನ್ನೇ ನೋಡಬಹುದು. ಖಾನೆಯಲ್ಲಿ ಹಳೆಯ ವಿಳಾಸ ಹಾಗೇ ಇದೆ. ಕೈಗೆ ಸಿಗುವುದು ಅರ್ಧ ಕಳಚಿದ ಆಬ್ಜೆಕ್ಟ್.

ಇದಕ್ಕೆಂದೇ ‘ಪೈ-ಕ್ಲಿಯರ್’ ಎಂಬ ಮ್ಯಾಕ್ರೋ ಇದೆ. ವಿಳಾಸವನ್ನು ಪಕ್ಕಕ್ಕೆ ನಕಲು ಮಾಡಿಕೊಳ್ಳುತ್ತದೆ, ಖಾನೆ ಖಾಲಿ ಮಾಡುತ್ತದೆ, ಕೊನೆಗೆ ಎಣಿಕೆ ಇಳಿಸುತ್ತದೆ. ಈಗ ಯಾರೇ ಬಂದು ನೋಡಿದರೂ ಅವರಿಗೆ ಕಾಣುವುದು ಬರಿದಾದ ಖಾನೆ. ಇಷ್ಟು ಚಿಕ್ಕದರಲ್ಲಿ ಇಷ್ಟು ಮುಂದಾಲೋಚನೆ ಇರುವ ಕೋಡ್ ನಾನು ಹೆಚ್ಚು ಕಂಡಿಲ್ಲ.

ಎರವಲು ಪಡೆದದ್ದರ ಕತೆಯೂ ಇದೇ. ಲಿಸ್ಟಿನ ಮೊದಲ ಅಂಶವನ್ನು ಎಣಿಕೆ ಏರಿಸದೆ ಸುಮ್ಮನೆ ಕೈಗೆತ್ತಿಕೊಂಡಿರುತ್ತೀರಿ. ನಂತರ ಎರಡನೆಯದರ ಜಾಗದಲ್ಲಿ ಬೇರೆಯದನ್ನು ಇಡುತ್ತೀರಿ. ಹೊರಬಿದ್ದ ಹಳೆಯ ಅಂಶದ ‘ಡೆಲ್’ ಓಡಿ, ಮೊದಲನೆಯದನ್ನೂ ಲಿಸ್ಟಿನಿಂದ ಅಳಿಸಿಬಿಡಬಹುದು. ಪೈಥಾನ್‌ನ ಹಳೆಯ ಆವೃತ್ತಿಯೊಂದರಲ್ಲಿ ಇದೇ ಬಗೆಯ ದೋಷಗಳಿದ್ದವು, ಅವನ್ನು ಹುಡುಕಲು ಒಬ್ಬರು ಡೀಬಗರ್ ಮುಂದೆ ಬಹಳ ಹೊತ್ತು ಕಳೆದರು ಎಂದು ಅದರ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಪರಿಹಾರ ಎರಡೇ ಸಾಲು: ಎತ್ತಿಕೊಂಡ ಕೂಡಲೇ ಎಣಿಕೆ ಏರಿಸು, ಕೆಲಸ ಮುಗಿದ ಮೇಲೆ ಇಳಿಸು.